ಬಾಟಲಿಯ ತಳದಲ್ಲಿ ನುಚ್ಚಕ್ಕಿ

ಗಾಜಿನ ಹೂಜಿಯ ಕತ್ತಿನೊಳಗೆ ಬಟ್ಟೆ ತೂರಿಸಿ ನಿಧಾನವಾಗಿ ತಿರುಗಿಸಿದೆ. ಸದ್ದಾಗಬಾರದೆಂದು ನಲ್ಲಿಯನ್ನು ಸಣ್ಣಗೆ ಬಿಟ್ಟಿದ್ದೆ. ಹೂಜಿಯಾದ ಮೇಲೆ ಆರು ಗ್ಲಾಸು. ಗ್ಲಾಸುಗಳಾದ ಮೇಲೆ ವೈನ್ ಸೋಸಿದ ತೆಳು ಬಟ್ಟೆ.

ಬಟ್ಟೆಯ ಮಡಿಕೆ ಬಿಚ್ಚಿದಾಗ ನಡುವೆ ಒಂದು ಕಾಳು ಕಂಡಿತು.

ಅರ್ಧ ಮೆಂತ್ಯದ ಕಾಳಿನಷ್ಟು ಇತ್ತು. ಊದಿಕೊಂಡಿತ್ತು. ಕೆಂಪು ವೈನ್ ಕುಡಿದು ನೇರಳೆ ಬಣ್ಣಕ್ಕೆ ತಿರುಗಿತ್ತು.

ಹಳೆಯ ಕೆಂಪು ವೈನಿನ ತಳದಲ್ಲಿ ಕಲ್ಲುಸಕ್ಕರೆಯ ಪುಡಿಯಂಥ ಹರಳು ಕೂರುತ್ತದೆ, ಅದನ್ನು ಕಂಡು ಗಾಬರಿಯಾಗಬಾರದು ಎಂದು ಗೋದಾಮಿನ ಯಜಮಾನರಾದ ಗೋಪಿನಾಥ ಅಂಕಲ್ ನಾನು ಕೆಲಸಕ್ಕೆ ಸೇರಿದ ವಾರವೇ ಹೇಳಿಕೊಟ್ಟಿದ್ದರು. ಹರಳೇ ಇರಬೇಕೆಂದು ಉಗುರಿನಿಂದ ಒತ್ತಿದೆ. ಹರಳಾಗಿದ್ದರೆ ಜಾರಬೇಕಿತ್ತು, ಇಲ್ಲವೇ ಒಡೆಯಬೇಕಿತ್ತು. ಇದರ ಅಂಚು ಹಿಟ್ಟಾಯಿತು.

ಅಕ್ಕಿ. ಇಡೀ ಅಕ್ಕಿಯೂ ಅಲ್ಲ, ನುಚ್ಚು.

ಇಟಲಿಯ ಟಸ್ಕನಿಯ ಗುಡ್ಡದ ಮೇಲೆ ಬಿರಡೆ ಬಿಗಿಸಿಕೊಂಡು ಬಂದ ಬಾಟಲಿಯೊಳಗೆ ನಮ್ಮ ಅಡಿಗೆಮನೆಯ ನುಚ್ಚಕ್ಕಿ.

ನಲ್ಲಿ ನಿಲ್ಲಿಸಿದೆ. ಕಾಳನ್ನು ದುಪಟ್ಟಾದ ತುದಿಯಲ್ಲಿ ಗಂಟು ಕಟ್ಟಿಕೊಂಡೆ.

ಗ್ಲಾಸುಗಳನ್ನು ಆಚೆಗೆ ದಾಟಿಸಲು ಅಡಿಗೆಮನೆಯ ಗೋಡೆಯಲ್ಲಿ ಒಂದು ಕಿಂಡಿ ಇದೆ. ಆ ಕಿಂಡಿಯಾಚೆ ರುಚಿ ನೋಡುವ ಕೋಣೆ. ಅಲ್ಲಿ ಮಿಸ್ ಡೆಲನಿ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಿದ್ದರು. ಎದುರಿಗೆ ಅಂಕಲ್.

ಮಿಸ್ ಡೆಲನಿ ಅಟ್ಲಾಂಟಾದ ದೊಡ್ಡ ಹೋಟೆಲೊಂದರ ಸೊಮೆಲಿಯೆ. ಯಾವ ಊಟಕ್ಕೆ ಯಾವ ವೈನ್, ಯಾವ ಬಾಟಲಿಯನ್ನು ಹೋಟೆಲು ಕೊಳ್ಳಬೇಕು, ಯಾವುದನ್ನು ಬಾಗಿಲಲ್ಲೇ ತಡೆಯಬೇಕು ಎಂದು ಹೇಳುವುದು ಅವರ ಉದ್ಯೋಗ. ಅಮೆರಿಕದ ಅಲೆಕ್ಸಾಂಡ್ರಿಯಾದಲ್ಲಿರುವ ನಮ್ಮ ಈ ವೈನ್ ಗೋದಾಮಿಗೆ ಅವರು ಏಪ್ರಿಲ್ ತಿಂಗಳಲ್ಲಿ ಮೊದಲ ಸಲ ಬಂದಿದ್ದರು. ಇದೇ ಕುರ್ಚಿಯಲ್ಲಿ ಕೂತು ಪೋಜ್ಜೋ ಲಾರ್ನೆ ಎಂಬ ತೋಟದ ಮೂರು ಕೆಂಪು ವೈನ್‌ಗಳ ರುಚಿ ನೋಡಿ, ಊರಿಗೆ ಹೋಗಿ ವೈನಿನವರ ಪತ್ರಿಕೆಯೊಂದರಲ್ಲಿ ಬರೆದರು. ಮೂರರಲ್ಲಿ ದೊಡ್ಡದು ಹೆಚ್ಚು ಕಾಲ ಮಾಗಿಸಿದ ರಿಸೆರ್ವಾ, ತೊಂಬತ್ತನೇ ಇಸವಿಯದು. ಅದರ ಬಗ್ಗೆ ಅವರು ಬರೆದದ್ದನ್ನು ಅಂಕಲ್ ಹೆಂಡತಿ ಉಷಾ ಆಂಟಿ ಫ್ರೇಮ್ ಹಾಕಿಸಿ ಗೋಡೆಗೆ ತೂಗುಹಾಕಿದ್ದಾರೆ: “ಮೊದಲ ಗುಟುಕಿಗೆ ಒಣಗಿದ ಚೆರಿ, ಎರಡನೆಯದಕ್ಕೆ ಹಳೆಯ ತೊಗಲು. ನುಂಗಿದ ಮೇಲೆ ಒಂದು ನಿಮಿಷ ಯಾರ ಜೊತೆಗೂ ಮಾತು ಬೇಡ ಅನ್ನಿಸುತ್ತದೆ.”

ಅದೇ ಲೇಬಲ್ಲಿನ ವೈನನ್ನು ಕಳೆದ ಶನಿವಾರ ಷಾರ್ಲೆಟ್ ಊರಿನ ಔತಣವೊಂದರಲ್ಲಿ ಅವರು ಎಂಬತ್ತು ಜನರ ಎದುರು ಬಟ್ಟಲಿಗೆ ಉಗಿದಿದ್ದರು.

“ಬಾಟಲಿ ನಿಜವಾದದ್ದು, ಮಿಸ್ಟರ್ ನಾಥ್,” ಎಂದರು ಈಗ. ಗೋಪಿನಾಥ ಎಂಬ ಹೆಸರನ್ನು ಅವರಿಗೆ ಕಲಿಸುವ ಕೆಲಸವನ್ನು ಅಂಕಲ್ ಯಾವಾಗಲೋ ಕೈಬಿಟ್ಟಿದ್ದರು. “ಲೇಬಲ್ಲೂ ನಿಜವಾದದ್ದು. ಆದರೆ ಬಿರಡೆ ನೋಡಿ. ಆ ತೋಟದವರು ಬಿರಡೆಯ ಮೇಲೆ ಇಸವಿಯ ಮುದ್ರೆ ಸುಡುತ್ತಾರೆ. ಇದು ಬೋಳು. ಬಿರಡೆ ಸುಳ್ಳು, ಒಳಗಿರುವುದೂ ಸುಳ್ಳು.”

“ನನಗೇನೂ ಅರ್ಥವಾಗ್ತಿಲ್ಲ.”

“ಅರ್ಥವಾಗದಿರೋದು ಏನಿದೆ? ನಿಜವಾದ ರಿಸೆರ್ವಾ ಕುಡಿದು ಮುಗಿದ ಮೇಲೆ ಖಾಲಿ ಬಾಟಲಿಗಳು ಯಾರದೋ ಕೈ ಸೇರಿವೆ. ಯಾರ ಕೈ?”

ಅಂಕಲ್ ಕನ್ನಡಕ ತೆಗೆದು ಒರೆಸಿದರು. ಬಹಳ ಹೊತ್ತು ಒರೆಸಿದರು.

“ಔತಣ ಆದ ಮೇಲೆ ಖಾಲಿ ಬಾಟಲಿಗಳನ್ನು ವ್ಯಾನಿಗೆ ಹಾಕ್ಕೊಂಡು ಬರೋದು ಹಫೀಜ್. ರಾಲಿ, ಷಾರ್ಲೆಟ್, ಅಟ್ಲಾಂಟಾ, ಎಲ್ಲ ಕಡೆಯಿಂದಲೂ. ನಂಬಿಕೆಯ ಮನುಷ್ಯ.” ಕನ್ನಡಕ ಹಾಕಿಕೊಂಡರು. “ಹಾಗಂದುಕೊಂಡಿದ್ದೆ.”

“ಕರೆಸಿ ಅವನನ್ನ. ಮೂರು ಗಂಟೆಗೆ ನಾನು ಮದ್ಯದ ಮೋಸ ಹಿಡಿಯುವ ಫೆಡರಲ್ ಆಫೀಸಿಗೆ ಫೋನ್ ಮಾಡ್ತೀನಿ. ಅಷ್ಟರಲ್ಲಿ ನನಗೊಂದು ಹೆಸರು ಬೇಕು. ಹೆಸರು ಸಿಗದಿದ್ರೆ ನಿಮ್ಮ ಹೆಸರನ್ನೇ ಹೇಳ್ತೀನಿ.”

ಇಂಗ್ಲಿಷ್ ಮಾತಾಡಲು ನನಗೆ ಹೆದರಿಕೆ. ಕೇಳಿಸಿಕೊಳ್ಳಲು ಹೆದರಿಕೆಯಿಲ್ಲ. ಪ್ರತಿ ಮಾತೂ ಕೇಳಿಸಿತು.

ಹಫೀಜ್ ಎಂದರೆ ಹಫೀಜುಲ್ಲಾ. ನನ್ನ ಅಣ್ಣ.

ಮೈಸೂರಿನಲ್ಲಿ ಅವನು ಕೋಲ್ಡ್ ಸ್ಟೋರೇಜ್ ಮೆಕ್ಯಾನಿಕ್. ಇಲ್ಲಿಯ ವೈನ್ ಕೋಣೆಗಳ ತಂಪು ನೋಡಿಕೊಳ್ಳಲು ಅಂಕಲ್ ಅವನನ್ನು ಕರೆಸಿಕೊಂಡರು, ಆಮೇಲೆ ವ್ಯಾನಿನ ಕೀಲಿಯನ್ನೂ ಕೊಟ್ಟರು. ಅವನ ಗ್ರೀನ್ ಕಾರ್ಡಿನ ಅರ್ಜಿಗೆ ಸಹಿ ಹಾಕಿರುವವರು ಅಂಕಲ್. ಮುಂದಿನ ತಿಂಗಳು ಹನ್ನೆರಡಕ್ಕೆ ಇಂಟರ್‌ವ್ಯೂ. ಅವನ ಹೆಂಡತಿ ಆಬಿದಾ ಭಾಭಿ ಆ ದಿನಕ್ಕೆಂದು ಅವನ ಶರ್ಟಿಗೆ ಈಗಾಗಲೇ ಇಸ್ತ್ರಿ ಹಾಕಿಟ್ಟಿದ್ದಾರೆ. ಪೊಲೀಸರ ಕಾಗದದಲ್ಲಿ ಅವನ ಹೆಸರು ಒಂದು ಸಲ ಬಂದರೆ ಆ ಶರ್ಟು ಹಾಕಿಕೊಂಡು ಅವನು ಹೋಗುವುದು ಇಂಟರ್‌ವ್ಯೂಗಲ್ಲ.

ಗೋಡೆಯ ಗಡಿಯಾರದಲ್ಲಿ ಹನ್ನೆರಡೂವರೆ.

ಟಾರ್ಚು ತೆಗೆದುಕೊಂಡು ತಂಪು ಕೋಣೆಗೆ ಹೋದೆ. ನಾನು ಗೋದಾಮಿನಲ್ಲಿ ಎಲ್ಲಿಗೆ ಹೋದರೂ ಯಾರೂ ಕೇಳುವುದಿಲ್ಲ. ಇಲ್ಲಿ ಈ ಕೆಂಪು ನೀರನ್ನು ಬಾಯಿಗೆ ಹಾಕಿಕೊಳ್ಳದವಳು ನಾನೊಬ್ಬಳೇ. ಹಾಲು ಕುಡಿಯದ ಬೆಕ್ಕು, ಹಾಲು ಕಾಯಲು ಇವಳೇ ಸರಿ ಎಂದು ಅಂಕಲ್ ನಗುತ್ತಿದ್ದರು.

ಬಾಯಿಗೆ ಹಾಕಿಕೊಂಡಿಲ್ಲ, ನಿಜ. ಆದರೆ ಮೂಗಿಗೆ ಗೊತ್ತು. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟು ಆರು ವರ್ಷ ಊದುಬತ್ತಿ ಹೊಸೆದವಳು ನಾನು. ಏಪ್ರಿಲ್‌ನಲ್ಲಿ ತೊಳೆದ ಗ್ಲಾಸುಗಳಲ್ಲಿ ರಿಸೆರ್ವಾದ ವಾಸನೆ ಸಂಜೆಯವರೆಗೆ ಉಳಿದಿತ್ತು. ಇವತ್ತಿನ ಹೂಜಿಯಲ್ಲಿ ಇದ್ದದ್ದು ಬೇರೆ. ಜಾಮಿನ ಸಿಹಿ, ಹಿಂದೆಯೇ ಹುಳಿ. ಆ ವಾಸನೆಯನ್ನು ಎಲ್ಲಿ ಕಂಡಿದ್ದೆ?

ರಿಸೆರ್ವಾದ ಕಟ್ಟಿಗೆ ಪೆಟ್ಟಿಗೆಗಳು ಹಿಂದಿನ ರ‍್ಯಾಕಿನಲ್ಲಿ ಇರುತ್ತವೆ. ಬೇಸಿಗೆಯಿಡೀ ಆ ರ‍್ಯಾಕನ್ನು ನೋಡಿದ್ದೇನೆ. ಅಟ್ಲಾಂಟಾದಲ್ಲಿ ಒಲಿಂಪಿಕ್ಸ್ ಮುಗಿದು ಹೋಟೆಲಿನವರ ನೆಲಮಾಳಿಗೆ ಬರಿದಾಗಿ ಅವರು ದೊಡ್ಡ ಆರ್ಡರ್ ಕೊಟ್ಟಾಗ, ರ‍್ಯಾಕು ಒಂದೇ ವಾರಕ್ಕೆ ಖಾಲಿಯಾಗುತ್ತದೆ ಎಂದುಕೊಂಡಿದ್ದೆ. ಆಗಲಿಲ್ಲ. ಅಣ್ಣ ಪೆಟ್ಟಿಗೆ ಹೊತ್ತುಕೊಂಡು ಹೋಗುತ್ತಿದ್ದ, ಸೋಮವಾರ ಬಂದು ನೋಡಿದರೆ ಅಲ್ಲೇ ಪೆಟ್ಟಿಗೆ ಇರುತ್ತಿತ್ತು. ಅಕ್ಷಯಪಾತ್ರೆಯ ಹಾಗೆ. ದೊಡ್ಡವರ ವ್ಯಾಪಾರ, ಬರುತ್ತಿರುತ್ತದೆ, ಹೋಗುತ್ತಿರುತ್ತದೆ ಎಂದು ನನ್ನಷ್ಟಕ್ಕೆ ನೆಲ ಒರೆಸಿದ್ದೆ.

ಮೇಲಿನ ಪೆಟ್ಟಿಗೆಯಿಂದ ಒಂದು ಬಾಟಲಿ ಎತ್ತಿ ನೆಟ್ಟಗೆ ನಿಲ್ಲಿಸಿದೆ. ಕೆಳಗಿನಿಂದ ಟಾರ್ಚು ಹಿಡಿದೆ. ಈ ಬಾಟಲಿಗಳ ತಳ ನಡುವೆ ಗುಡ್ಡದಂತೆ ಒಳಕ್ಕೆ ಎದ್ದಿರುತ್ತದೆ, ಸುತ್ತ ಕಾಲುವೆಯಂಥ ಸಂದಿ. ಆ ಸಂದಿಗೆ ಸಿಕ್ಕಿದ್ದು ಸುಲಭಕ್ಕೆ ಹೊರಗೆ ಬರುವುದಿಲ್ಲ.

ಮೊದಲನೆಯದರಲ್ಲಿ ಏನೂ ಇರಲಿಲ್ಲ. ಎರಡನೆಯದರಲ್ಲೂ ಇಲ್ಲ.

ಮೂರನೆಯದನ್ನು ಓರೆ ಮಾಡಿದಾಗ ಸಂದಿಯಲ್ಲಿ ಒಂದು ಚುಕ್ಕೆ ಜಾರಿತು. ನಿಂತಿತು. ಮತ್ತೆ ಓರೆ ಮಾಡಿದೆ, ಮತ್ತೆ ಜಾರಿತು.

ಏಳನೆಯದರಲ್ಲಿ ಎರಡು ಚುಕ್ಕೆ.

ಆ ಎರಡು ಬಾಟಲಿಗಳನ್ನು ಬೇರೆಯಾಗಿ ನಿಲ್ಲಿಸಿದೆ.

ಕತ್ತು ಸಣ್ಣಗಿರುವ ಬಾಟಲಿಯೊಳಗೆ ಕೈ ಹೋಗುವುದಿಲ್ಲ. ನಮ್ಮಲ್ಲಿ ಹಿಡಿ ನುಚ್ಚಕ್ಕಿ, ಚಿಟಿಕೆ ಕಲ್ಲುಪ್ಪು, ಒಂದು ಲೋಟ ಬಿಸಿನೀರು ಹಾಕಿ, ಹೆಬ್ಬೆರಳಿಂದ ಬಾಯಿ ಮುಚ್ಚಿ ಕುಲುಕುತ್ತೇವೆ. ನುಚ್ಚು ಒಳಗೋಡೆಯನ್ನೆಲ್ಲ ಉಜ್ಜಿ ಬಾಟಲಿ ಹೊಸದರಂತಾಗುತ್ತದೆ. ಅಮ್ಮಿ ಎಣ್ಣೆಯ ಬಾಟಲಿ ತೊಳೆಯುತ್ತಿದ್ದದ್ದು ಹಾಗೆ. ಎಂಟು ಸಾವಿರ ಮೈಲಿ ದಾಟಿ ಬಂದು ನಾನು ತೊಳೆದದ್ದೂ ಹಾಗೆಯೇ.

ಹೌದು, ತೊಳೆದವಳು ನಾನು.

ಮೇ ತಿಂಗಳಿನಿಂದ ಪ್ರತಿ ವಾರವೂ. ಅಣ್ಣ ಖಾಲಿ ಬಾಟಲಿಗಳನ್ನು ತಂದು ಹಿಂಬಾಗಿಲಲ್ಲಿ ಇಳಿಸುತ್ತಿದ್ದ. ಅವನಿಗೂ ನನಗಿಂತ ಹೆಚ್ಚೇನೂ ಗೊತ್ತಿರಲಿಲ್ಲ: ತಂದು ಇಳಿಸು ಎಂದಿದ್ದಾರೆ, ಇಳಿಸಿದ. ನಾನು ತೊಳೆದು, ಬೋರಲು ಹಾಕಿ, ಒಣಗಿಸಿ, ಅಣ್ಣನ ಜೊತೆ ಹೊತ್ತು ಉಷಾ ಆಂಟಿಯ ಸ್ಟೇಷನ್ ವ್ಯಾಗನ್ ಕಾರಿನಲ್ಲಿ ಜೋಡಿಸುತ್ತಿದ್ದೆ. ಕನ್ನಡ ಕೂಟದ ಮಕ್ಕಳು ಇದಕ್ಕೆ ಬಣ್ಣ ಹಚ್ಚಿ ಹೂದಾನಿ ಮಾಡುತ್ತಾರೆ ಎಂದಿದ್ದರು ಆಂಟಿ. ಇನ್ನೂ ಒಂದು ಮಾತು ಹೇಳಿದ್ದರು.

“ಲೇಬಲ್‌ಗೆ ನೀರು ತಾಗಿಸ್ಬೇಡ ಕಣೇ. ನೋಡೋಕೆ ಚೆನ್ನಾಗಿದೆ.”

ಬಣ್ಣ ಹಚ್ಚುವ ಬಾಟಲಿಗೆ ಲೇಬಲ್ ಏಕೆ ಬೇಕು? ಐದು ತಿಂಗಳು ನಾನು ಕೇಳಿಕೊಳ್ಳದ ಪ್ರಶ್ನೆ.

ಆಗ ಆ ವಾಸನೆ ಎಲ್ಲಿಯದೆಂದು ನೆನಪಾಯಿತು. ಫೇರ್‌ಫ್ಯಾಕ್ಸ್‌ನಲ್ಲಿ ಅವರ ಮನೆ. ಆಗಸ್ಟ್‌ನಲ್ಲಿ ವರಮಹಾಲಕ್ಷ್ಮಿ ಹಬ್ಬದ ದಿನ ಮಡಚುವ ಕುರ್ಚಿ ತರಲು ಗ್ಯಾರೇಜಿಗೆ ಹೋಗಿದ್ದೆ. ನೀಲಿ ಟಾರ್ಪಾಲಿನ ಕೆಳಗೆ ಗ್ಯಾಲನ್ ಜಗ್ಗುಗಳು, ಸೂಪರ್ ಮಾರ್ಕೆಟ್ಟಿನಲ್ಲಿ ಎಲ್ಲಕ್ಕಿಂತ ಕೆಳಗಿನ ಸಾಲಿನಲ್ಲಿಡುವ ಅಗ್ಗದ ವೈನು. ಅಷ್ಟೂ ಖಾಲಿ. ಇಷ್ಟನ್ನು ಕುಡಿದವರು ಯಾರಪ್ಪಾ ಎಂದು ನನ್ನೊಳಗೇ ನಕ್ಕಿದ್ದೆ.

ಹಿಂಬಾಗಿಲ ಬಳಿ ಕಾರಿನ ಸದ್ದಾಯಿತು.

“ವಜೀ! ಎಲ್ಲಿದ್ಯೇ? ಊಟ ತಂದಿದೀನಿ ಬಾ.”

ಉಷಾ ಆಂಟಿ ಅಡಿಗೆಮನೆಯ ಮೇಜಿನ ಮೇಲೆ ಡಬ್ಬಿಗಳನ್ನು ಇಡುತ್ತಿದ್ದರು. ನನ್ನನ್ನು ವಜೀಹಾ ಎಂಬ ಪೂರ್ತಿ ಹೆಸರಿನಿಂದ ಕರೆಯದಿರುವವರು ಅವರೊಬ್ಬರೇ. ಹಾಲಿನ ಪೆಟ್ಟಿಗೆ ಮೇಲಿನ ಅಕ್ಷರಗಳನ್ನು ತೋರಿಸಿ ಇಂಗ್ಲಿಷ್ ಓದಲು ಕಲಿಸಿದವರು. ಮೊದಲ ಚಳಿಗಾಲದಲ್ಲಿ ತಮ್ಮ ಕೋಟು ಬಿಚ್ಚಿ ನನಗೆ ತೊಡಿಸಿ, ತಾವು ಶಾಲು ಹೊದ್ದು ಕಾರಿನವರೆಗೆ ನಡೆದವರು.

“ಪುಳಿಯೋಗರೆ. ನಿಂದು ಆ ನೀಲಿ ಡಬ್ಬಿ. ಇಂಗು ಹಾಕಿಲ್ಲ, ನಿಂಗಾಗಲ್ವಲ್ಲ.” ಕಿಂಡಿಯ ಕಡೆ ಕಣ್ಣು ಹಾಯಿಸಿ ದನಿ ತಗ್ಗಿಸಿದರು. “ಏನಂತೆ ಆ ಮಹಾರಾಣಿ? ಇನ್ನೂ ಕೂತಿದಾಳಾ?”

“ಆಂಟಿ, ಆ ಬಾಟಲಿಗಳು ಏನಾದ್ವು?”

“ಯಾವ ಬಾಟಲಿ?”

“ನಾನು ತೊಳೆದು ಕೊಟ್ಟಿದ್ದು. ಹೂದಾನಿಗೆ.”

“ಓ, ಅದಾ! ಹಾಳು ಮಾಡ್ಹಾಕಿದ್ವು ಮಕ್ಕಳು. ಪೈಂಟೇ ಸರಿಯಾಗಿ ಕೂರ್ಲಿಲ್ಲ. ಎಲ್ಲಾ ಟ್ರ್ಯಾಶ್‌ಗೆ ಹಾಕ್ದೆ.”

“ಅಷ್ಟೂನಾ?”

“ಹೂಂ ಕಣೇ. ತಟ್ಟೆ ತಗೋ.”

“ಲೇಬಲ್ ಮೇಲೇನೇ ಪೈಂಟ್ ಮಾಡಿದ್ರಾ ಆಂಟಿ?”

ಚಮಚ ಡಬ್ಬಿಯೊಳಗೇ ನಿಂತಿತು.

ನಾನು ದುಪಟ್ಟಾದ ಗಂಟು ಬಿಚ್ಚಿ ಅಂಗೈ ಚಾಚಿದೆ. ಅವರು ಬಗ್ಗಿ ನೋಡಿದರು. ಕನ್ನಡಕ ಹಣೆಯ ಮೇಲಿತ್ತು. ಇಳಿಸಿಕೊಂಡು ಮತ್ತೆ ನೋಡಿದರು.

“ಏನಿದು?”

“ನುಚ್ಚು. ನಾನು ಬಾಟಲಿ ತೊಳೆಯೋ ನುಚ್ಚು. ಇವತ್ತು ಅವರು ಓಪನ್ ಮಾಡಿದ ಬಾಟಲಿಲಿ ಸಿಕ್ತು.”

“ಅವಳು ನೋಡಿದ್ಲಾ?”

ಅವರು ಮೊದಲು ಕೇಳಿದ್ದು ಇದನ್ನು. ಇದು ಹೇಗೆ ಬಂತು ಎಂದಲ್ಲ, ಸುಳ್ಳು ಹೇಳಬೇಡ ಎಂದೂ ಅಲ್ಲ. ಅಷ್ಟು ಹೊತ್ತೂ ನಾನು ತಪ್ಪು ತಿಳಿದಿದ್ದೇನೆ ಎಂದು ಅವರು ಗದರಲಿ ಅಂತಲೇ ಕಾಯುತ್ತಿದ್ದೆನೇನೋ.

“ಇಲ್ಲ,” ಎಂದೆ. “ನಾನೇ ತೆಗೆದಿಟ್ಟೆ.”

ಆಂಟಿ ಕುರ್ಚಿ ಎಳೆದುಕೊಂಡು ಕೂತರು. ಆಮೇಲೆ, ನನಗೆ ತಿಳಿಯದ ಕಾರಣಕ್ಕೆ, ನಕ್ಕರು.

“ಬುದ್ಧಿವಂತೆ ಕಣೇ ನೀನು. ನಿಮ್ಮಮ್ಮ ನಿನ್ನ ಸ್ಕೂಲ್ ಬಿಡಿಸಿ ತಪ್ಪು ಮಾಡಿದ್ರು.”

“ಯಾಕೆ ಮಾಡಿದ್ರಿ ಆಂಟಿ?”

“ಯಾಕೆ? ಅವಳು ಹೊಗಳಿದ್ಲಲ್ಲ, ಅದಕ್ಕೆ.” ಬೆರಳಿನಿಂದ ಕಿಂಡಿಯತ್ತ ತೋರಿಸಿದರು. “ಇಟಲಿಯಿಂದ ಬಂದಿದ್ದು ಹದಿನೆಂಟು ಕೇಸು. ಅವಳು ಬರೆದ ಮೇಲೆ ಎಲ್ಲರಿಗೂ ಅದೇ ಬೇಕು. ಅವಳ ಹೋಟೆಲೇ ನಲವತ್ತು ಕೇಳ್ತು. ತೋಟದವರು ಮುಗಿದೋಯ್ತು ಅಂದ್ರು. ಇಪ್ಪತ್ತು ವರ್ಷ ಆಫೀಸಲ್ಲಿ ಇನ್ನೊಬ್ಬರ ಫೈಲು ಹೊತ್ತ ಮನುಷ್ಯ ನಿಮ್ಮ ಅಂಕಲ್. ಮೊದಲನೇ ಸಲ ಜನ ಅವರನ್ನ ಹುಡುಕ್ಕೊಂಡು ಬಂದ್ರು. ಇಲ್ಲ ಅನ್ನು ಅಂತ ನಾನು ಹ್ಯಾಗೆ ಹೇಳ್ಲಿ?”

“ಅಂಕಲ್‌ಗೂ ಗೊತ್ತಾ?”

“ಛೆ ಛೆ! ಅವರಿಗೇನೂ ಗೊತ್ತಿಲ್ಲ. ಗೊತ್ತಾದ್ರೆ ಎದೆ ಒಡ್ಕೋತಾರೆ. ನನ್ನ ಮತ್ತೆ ಆ ಬಾಟಲಿಗಳ ಮಧ್ಯೆ ಇನ್ಯಾರೂ ಇಲ್ಲ.”

“ನಾನಿದ್ದೆ,” ಎಂದೆ.

ಅವರು ನನ್ನ ಮಣಿಕಟ್ಟು ಹಿಡಿದುಕೊಂಡರು. ಕೈ ಬೆಚ್ಚಗಿತ್ತು, ಒಗ್ಗರಣೆಯ ವಾಸನೆ.

“ನೀನು ಮಗು ಥರ. ನಿಂಗೇನು ಗೊತ್ತಿತ್ತು?”

“ಅವರು ಭಾಯಿ ಹೆಸರು ಹೇಳ್ತಾರೆ ಆಂಟಿ. ಮೂರು ಗಂಟೆಗೆ ಫೋನ್ ಮಾಡ್ತಾರಂತೆ. ಅವನ ಇಂಟರ್‌ವ್ಯೂ ಇದೆ. ಮಗು ಇದೆ.”

“ನಾನಿರುವಾಗ ಹಫೀಜ್ ಹೆಸರು ಬರುತ್ತಾ? ನಾನೇ ಹೇಳ್ತೀನಿ. ಅವಳ ಮುಂದೆ ಕೂತ್ಕೊಂಡು, ಮಾಡಿದ್ದು ನಾನು ಅಂತ ನಾನೇ ಹೇಳ್ತೀನಿ. ಸರಿನಾ?” ಇನ್ನೊಂದು ಕೈ ಮುಂದೆ ಬಂತು. “ಕೊಡು ಅದನ್ನ.”

ಎರಡು ವರ್ಷ ಆ ಕೈ ಚಾಚಿದಾಗಲೆಲ್ಲ ನಾನು ಏನಾದರೂ ಕೊಟ್ಟಿದ್ದೇನೆ. ತೊಳೆದ ಲೋಟ, ಕತ್ತರಿಸಿದ ಕೊತ್ತಂಬರಿ, ಓದಲು ಬಾರದ ಪತ್ರ. ಕಾಳನ್ನೂ ಕೊಟ್ಟೆ.

ಅವರು ಎದ್ದು ಸಿಂಕಿನ ಹತ್ತಿರ ಹೋದರು. ಕೈ ಬಗ್ಗಿಸಿದರು. ನೀರು ಬಿಟ್ಟರು. ಗೋಡೆಯ ಸ್ವಿಚ್ಚು ಒತ್ತಿದರು.

ಮೂಳೆ, ಸಿಪ್ಪೆಗಳನ್ನು ಅರೆಯುವ ಯಂತ್ರ ಸಿಂಕಿನೊಳಗೆ ಗುಡುಗಿತು. ಅಷ್ಟು ಸಣ್ಣ ಕಾಳಿಗೆ ಅಷ್ಟು ದೊಡ್ಡ ಸದ್ದು.

“ಊಟ ಮಾಡು,” ಎಂದರು ಸೆರಗಿಗೆ ಕೈ ಒರೆಸುತ್ತಾ. “ಆರೋಗುತ್ತೆ.”

ಎರಡೂವರೆಗೆ ವ್ಯಾನು ಬಂತು. ಅಡಿಗೆಮನೆಯ ಕಿಟಕಿಯಿಂದ ಪಾರ್ಕಿಂಗ್ ಪೂರ್ತಿ ಕಾಣುತ್ತದೆ. ಅಣ್ಣ ಇಳಿಯುವ ಮೊದಲೇ ಅಂಕಲ್ ಹೊರಗೆ ಹೋಗಿ ಅವನ ಬಾಗಿಲ ಹತ್ತಿರ ನಿಂತಿದ್ದರು. ಕೋಟು ಹಾಕಿಕೊಂಡಿರಲಿಲ್ಲ. ಅಕ್ಟೋಬರಿನ ಗಾಳಿಗೆ ಅವರ ಟೈ ಹೆಗಲ ಮೇಲೆ ಹಾರಿ ಬಿದ್ದಿತ್ತು, ಸರಿಮಾಡಿಕೊಳ್ಳಲಿಲ್ಲ.

ಅಂಕಲ್ ಮಾತಾಡಿದರು. ಅಣ್ಣ ತಲೆಯಾಡಿಸಿ ಒಲ್ಲೆ ಎಂದ. ಅಂಕಲ್ ಮತ್ತೆ ಮಾತಾಡಿದರು. ಅಣ್ಣ ವ್ಯಾನಿಗೆ ಒರಗಿ ನೆಲ ನೋಡಿದ. ಅಂಕಲ್ ಅವನ ಹೆಗಲ ಮೇಲೆ ಕೈಯಿಟ್ಟು ಹತ್ತಿರಕ್ಕೆ ಬಗ್ಗಿದರು. ಎಷ್ಟೋ ಹೊತ್ತಾದ ಮೇಲೆ ಅಣ್ಣ ಒಂದು ಸಲ ತಲೆಯೆತ್ತಿ ನಾನಿದ್ದ ಕಿಟಕಿಯನ್ನು ನೋಡಿದ. ನಾನು ಕೈಯೆತ್ತಿದೆ. ಅವನು ಎತ್ತಲಿಲ್ಲ.

ಅಂಕಲ್ ಅವನನ್ನು ಬೈಯುತ್ತಿದ್ದಾರೆ ಎಂದೇ ನಾನು ತಿಳಿದೆ. ಇನ್ನು ಹತ್ತು ನಿಮಿಷ, ಭಾಯಿ, ಆಂಟಿ ಹೇಳುತ್ತಾರೆ, ಎಲ್ಲ ತಿಳಿಯಾಗುತ್ತದೆ ಎಂದುಕೊಂಡೆ.

ಮೂರಕ್ಕೆ ಐದು ನಿಮಿಷವಿರುವಾಗ ಎಲ್ಲರೂ ಕೋಣೆಯಲ್ಲಿದ್ದೆವು. ಮಿಸ್ ಡೆಲನಿ ಫೋನನ್ನು ತಮ್ಮ ಮುಂದಕ್ಕೆ ಎಳೆದುಕೊಂಡಿದ್ದರು. ಅಣ್ಣ ಬಾಗಿಲ ಬಳಿ. ನಾನು ಕಾಫಿಯ ತಟ್ಟೆ ಇಟ್ಟು ಗೋಡೆಗೆ ಒರಗಿದೆ.

“ಸರಿ, ಹೆಸರು?” ಎಂದರು ಮಿಸ್ ಡೆಲನಿ.

ನಾನು ಉಷಾ ಆಂಟಿಯನ್ನು ನೋಡಿದೆ. ಅವರು ಕಾಫಿ ಬಗ್ಗಿಸಿದರು. ಕಪ್ಪು ತುಂಬಿತು. ತಟ್ಟೆ ಎತ್ತಿ ಮಿಸ್ ಡೆಲನಿಯ ಮುಂದೆ ಇಟ್ಟರು.

“ಶುಗರ್?” ಎಂದು ಕೇಳಿದರು.

ಕೈ ಕಟ್ಟಿಕೊಂಡು ಗಂಡನ ಪಕ್ಕ ಕೂತರು.

ಗೋಡೆಯ ಮೇಲಿನ ಗಡಿಯಾರ ಕಾಣುತ್ತಿತ್ತು. ಎರಡು ನಿಮಿಷ ಕಾದೆ. ಮೂರು. ಅವರು ನನ್ನ ಕಡೆ ತಿರುಗಲೇ ಇಲ್ಲ.

ನಾನು ಕೋಣೆಯಿಂದ ಹೊರಗೆ ನಡೆದೆ. ತಂಪು ಕೋಣೆಯ ಮೂರನೆಯ ಬಾಟಲಿ ಮತ್ತು ಏಳನೆಯ ಬಾಟಲಿಯನ್ನು ಎರಡು ಕೈಯಲ್ಲಿ ಹಿಡಿದು ವಾಪಸ್ಸು ಬಂದೆ. ಮಿಸ್ ಡೆಲನಿಯ ಮುಂದೆ ಇಟ್ಟೆ.

“ಐ ವಾಶ್,” ಎಂದೆ.

ಆ ಕೋಣೆಯಲ್ಲಿ ನಾನು ಆಡಿದ ಮೊದಲ ಮಾತು ಅದು.

“ವಾಟ್?”

“ಬಾಟಲ್. ಎಂಪ್ಟಿ ಬಾಟಲ್. ಐ ವಾಶ್, ವಿತ್ ರೈಸ್.” ಮುಷ್ಟಿಯನ್ನು ಕುಲುಕಿ ತೋರಿಸಿದೆ. ಟಾರ್ಚು ಹಚ್ಚಿ ಬಾಟಲಿಯ ಕೆಳಗೆ ಹಿಡಿದೆ. “ಸೀ.”

ಅವರು ಬಗ್ಗಿದರು. ಬಾಟಲಿಯನ್ನು ಓರೆ ಮಾಡಿದೆ. ಚುಕ್ಕೆ ಜಾರಿತು.

ಅವರು ಬಿರಡೆ ಕಿತ್ತರು. ಬಟ್ಟೆಯ ಮೂಲಕ ಇಡೀ ಬಾಟಲಿಯನ್ನು ಸೋಸಿದರು. ನಾನು ಮಾಡಿದ್ದನ್ನೇ ಮಾಡಿದರು: ಉಗುರಿನಿಂದ ಒತ್ತಿ, ಬೆರಳು ಮೂಸಿ, ಮತ್ತೆ ಒತ್ತಿ. ಅವರ ಕತ್ತಿನ ಮೇಲೆ ಕೆಂಪು ಹತ್ತಿತು.

“ಇದನ್ನು ಅಟ್ಲಾಂಟಾದಲ್ಲಿ ಅತಿಥಿಗಳಿಗೆ ಕೊಟ್ಟಿದ್ದೇನೆ,” ಎಂದರು ಮೆಲ್ಲಗೆ. “ನನ್ನ ಮಾತು ನಂಬಿ ಕುಡಿದವರಿಗೆ.” ತಲೆಯೆತ್ತಿ ನನ್ನನ್ನು ನೋಡಿದರು. “ತೊಳೆ ಅಂತ ನಿನಗೆ ಹೇಳಿದ್ದು ಯಾರು?”

“ಉಷಾ ಆಂಟಿ.”

ಆಂಟಿ ನನ್ನ ಕಡೆ ತಿರುಗಿದರು. ಮುಖದಲ್ಲಿ ಸಿಟ್ಟಿನ ಗೆರೆಯೂ ಇರಲಿಲ್ಲ. ಜ್ವರ ಬಂದ ಮಗುವನ್ನು ನೋಡುವ ಹಾಗೆ ನೋಡಿದರು.

“ನಾನಾ, ವಜೀ? ಯಾವಾಗಮ್ಮಾ?”

“ಆಂಟಿ, ಈಗ ಅಡಿಗೆಮನೇಲಿ…”

“ಅಡಿಗೆಮನೇಲಿ ನಿಂಗೆ ಊಟ ಕೊಟ್ಟೆ. ಮಾಡ್ಲೇ ಇಲ್ಲ ನೀನು.” ಮಿಸ್ ಡೆಲನಿಗೆ ಇಂಗ್ಲಿಷಿನಲ್ಲಿ ಹೇಳಿದರು, “ಪಾಪದ ಹುಡುಗಿ. ಹೆದರಿದ್ದಾಳೆ. ಅಣ್ಣನನ್ನು ಉಳಿಸೋಕೆ ಏನು ಬೇಕಾದರೂ ಹೇಳ್ತಾಳೆ. ನಾನವಳನ್ನ ತಪ್ಪು ತಿಳಿಯಲ್ಲ.”

ಆದರೆ ಅಣ್ಣ ಇದ್ದ. ತೊಳೆದ ಬಾಟಲಿಗಳ ಪೆಟ್ಟಿಗೆಯನ್ನು ನನ್ನ ಜೊತೆ ಹೊತ್ತು ಆಂಟಿಯ ಕಾರಿಗೆ ಇಟ್ಟವನು. ಹೂದಾನಿಯ ಮಾತನ್ನು ನನ್ನ ಪಕ್ಕದಲ್ಲೇ ನಿಂತು ಕೇಳಿದವನು.

“ಭಾಯಿ, ಹೇಳು,” ಎಂದೆ. “ಆಂಟಿ ಕಾರಿಗೆ ಇಟ್ಟಿದ್ದು ಹೇಳು.”

ಅಣ್ಣ ಅಂಕಲ್ ಕಡೆ ನೋಡಿದ. ಟೋಪಿಯನ್ನು ಕೈಯಲ್ಲಿ ಒಂದು ಸುತ್ತು ತಿರುಗಿಸಿದ.

“ವಜೀಹಾ, ಸಾಕು. ಆಂಟಿ ಹೆಸರು ಯಾಕೆ ತರ್ತೀಯ? ಬಾಟಲಿ ತೊಳೆ ಅಂದೋನು ನಾನು. ಬೇರೆ ವೈನ್ ತುಂಬ್ಸಿದ್ದೂ ನಾನೇ.”

ಉಸಿರು ತೆಗೆದುಕೊಂಡ.

“ಅವಳಿಗೂ ಎಲ್ಲಾ ಗೊತ್ತಿತ್ತು, ಸರ್. ನಾವಿಬ್ರೂ ಸೇರೇ ಮಾಡಿದ್ವಿ.”

“ಏನಂದ ಅವನು?” ಎಂದು ಕೇಳಿದರು ಮಿಸ್ ಡೆಲನಿ.

ಅಂಕಲ್ ಕನ್ನಡಕ ತೆಗೆದರು. ಒಂದೊಂದೇ ಮಾತನ್ನು, ಕಲ್ಲೆತ್ತಿ ಇಟ್ಟ ಹಾಗೆ, ಇಂಗ್ಲಿಷಿನಲ್ಲಿ ಹೇಳಿದರು. ಒಂದು ಅಕ್ಷರವನ್ನೂ ಬದಲಾಯಿಸಲಿಲ್ಲ. ಬದಲಾಯಿಸುವ ಅಗತ್ಯ ಅವರಿಗೆ ಇರಲಿಲ್ಲ. ಅಣ್ಣ ಮಾತಾಡುತ್ತಿದ್ದಾಗ ನಾನು ಅವರ ತುಟಿಗಳನ್ನು ನೋಡಿದ್ದೆ. ಪಾಠ ಒಪ್ಪಿಸುವ ಹುಡುಗನ ಎದುರು ಕೂತ ಮೇಷ್ಟರ ತುಟಿಗಳ ಹಾಗೆ ಅವು ಅವನಿಗಿಂತ ಅರೆಗಳಿಗೆ ಮುಂಚೆ ಅಲ್ಲಾಡುತ್ತಿದ್ದವು.

ಎದೆ ಒಡೆದುಕೊಳ್ಳುವ ಮನುಷ್ಯ. ಏನೂ ಗೊತ್ತಿಲ್ಲದ ಮನುಷ್ಯ. ವ್ಯಾನಿನ ಬಳಿ ಅವರು ಬೈಯುತ್ತಿರಲಿಲ್ಲ, ಅರ್ಜಿಯ ಮೇಲಿನ ತಮ್ಮ ಸಹಿಯನ್ನು ಮುಂದಿಟ್ಟು ಈ ಪಾಠ ಹೇಳಿಕೊಡುತ್ತಿದ್ದಿರಬೇಕು.

ಮಿಸ್ ಡೆಲನಿ ಕಾಗದದ ಮೇಲೆ ಎರಡು ಹೆಸರು ಬರೆದರು. ಎರಡನೆಯದರ ಕಾಗುಣಿತವನ್ನು ಆಂಟಿ ಹೇಳಿಕೊಟ್ಟರು. ಬರೆದು ಮುಗಿಸಿ ಫೋನೆತ್ತಿ ಗುಂಡಿ ಒತ್ತತೊಡಗಿದರು.

ನಾನು ಅಣ್ಣನ ಹತ್ತಿರಕ್ಕೆ ಹೋದೆ. ಅವನ ಮೈಯಿಂದ ಹೆದ್ದಾರಿಯ ಡೀಸೆಲ್ ವಾಸನೆ ಬರುತ್ತಿತ್ತು. ಹುಟ್ಟಿದಾಗಿನಿಂದ ನಾವಿಬ್ಬರು ಮಾತಾಡಿದ್ದು ಉರ್ದುವಿನಲ್ಲಿ. ಬೈದದ್ದು, ಅತ್ತದ್ದು, ಅಬ್ಬಾ ತೀರಿಕೊಂಡ ಸುದ್ದಿಯನ್ನು ಅವನು ನನಗೆ ಹೇಳಿದ್ದು, ಎಲ್ಲವೂ. ಕನ್ನಡ ನಮಗೆ ಬೀದಿಯದು, ಕೆಲಸದ್ದು, ಈ ಮನೆಯವರದು. ಅವನು ಇವತ್ತು ನನ್ನ ಹೆಸರು ಹಿಡಿದು ಕನ್ನಡದಲ್ಲಿ ಆಡಿದ್ದು ನನಗೆ ಆಡಿದ್ದಲ್ಲ.

ಫೋನಿನ ಆ ಬದಿಯಲ್ಲಿ ಗಂಟೆ ಬಾರಿಸುವುದು ನನಗೂ ಕೇಳಿಸಿತು. ಅಣ್ಣನ ಕಣ್ಣು ಟೋಪಿಯ ಮೇಲೇ ಇತ್ತು. ಅಲ್ಲಿ ಬೇರೆ ಯಾರಿಗೂ ತಿಳಿಯದ ನಮ್ಮ ಮನೆಮಾತಿನಲ್ಲಿ, ಅವನೊಬ್ಬನಿಗೇ ಕೇಳುವಷ್ಟು ಸಣ್ಣಗೆ ಹೇಳಿದೆ:

“ಭಾಯಿ, ಈಗ ಹೇಳಿದ್ದನ್ನೇ ನಮ್ಮ ಮಾತಲ್ಲಿ ಒಂದು ಸಲ ಹೇಳು.”

ಅವನು ಟೋಪಿಯನ್ನು ಇನ್ನೊಂದು ಸುತ್ತು ತಿರುಗಿಸಿದ.